ಟೈಮರ್ ಹಾಕದ ಬ್ರೆಡ್ಡು

ಫೆಬ್ರವರಿ 4, ಮಂಗಳವಾರ

ಮತ್ತೆ ಉಬ್ಬಲಿಲ್ಲ. ಬೆಳಿಗ್ಗೆ ಮೈದಾ ನಾದಿ, ಒದ್ದೆ ಬಟ್ಟೆ ಮುಚ್ಚಿ ಕನ್ನಡಕದ ಅಂಗಡಿಗೆ, ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹಿಟ್ಟು ಹೇಗಿತ್ತೋ ಹಾಗೇ ಬಿದ್ದುಕೊಂಡಿತ್ತು. ಆದರೂ ಓವನ್ನಿಗೆ ಹಾಕಿದೆ. ಹಟ, ಇನ್ನೇನು. ಹೊರಬಂದದ್ದನ್ನು ಬ್ರೆಡ್ಡು ಅನ್ನಲು ಧೈರ್ಯ ಸಾಲದು. ಚಪ್ಪಲಿಯ ಅಟ್ಟೆ ಅನ್ನಬಹುದು. ವಿಡಿಯೋದ ಹುಡುಗಿ ಎಷ್ಟು ಸಲೀಸಾಗಿ ಹೇಳುತ್ತಾಳೆ — ಯೀಸ್ಟು, ಉಗುರುಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ, ಆಮೇಲೆ ಅದನ್ನು ಮರೆತುಬಿಡಿ ಅಂತ. ನಾನು ಮರೆತೆ. ಅದೂ ನನ್ನನ್ನು ಮರೆಯಿತು.

ಓವನ್ನು ಕೆಳಗಿನ ಮನೆಯ ಟೈಲರಕ್ಕ ಕೊಟ್ಟದ್ದು. ಅವಳ ಮಗಳು ದೊಡ್ಡದು ಕೊಂಡಳಂತೆ. "ಇಟ್ಕೋ. ಏನಾದ್ರೂ ಮಾಡು. ಮನೆಗೆ ಬಂದ್ರೆ ಗೋಡೆ ನೋಡ್ಕೊಂಡು ಕೂತಿರ್ತೀಯ" ಅಂದಳು. ಗೋಡೆ ಅಲ್ಲ, ಬಾಗಿಲು. ಅವಳಿಗೂ ಗೊತ್ತು. ಗೊತ್ತಿದ್ದೂ ಗೋಡೆ ಅಂದಳು, ಅದು ಅವಳ ದೊಡ್ಡ ಮನಸ್ಸು.

ತಮ್ಮನ ಬಾಗಿಲ ಹೊರಗೆ ಮಧ್ಯಾಹ್ನದ ತಟ್ಟೆ ಇತ್ತು. ಖಾಲಿ. ತೊಳೆದು ಬೋರಲು ಹಾಕಿದ್ದಾನೆ. ನಾನು ಮನೆಯಲ್ಲಿ ಇಲ್ಲದಾಗ ತೆಗೆದುಕೊಳ್ಳುತ್ತಾನೆ, ತನ್ನ ಬಚ್ಚಲಲ್ಲೇ ತೊಳೆಯುತ್ತಾನೆ. ತೊಳೆದ ತಟ್ಟೆ ಒಳ್ಳೆಯ ಲಕ್ಷಣವೋ ಕೆಟ್ಟದ್ದೋ... ಇವತ್ತು ಒಳ್ಳೆಯದು ಅಂದುಕೊಂಡು ಮಲಗುತ್ತೇನೆ.

ಫೆಬ್ರವರಿ 9, ಭಾನುವಾರ

ಟೆರೇಸಿನಲ್ಲಿ ಮೀಟಿಂಗು. ಹಾಜರಿದ್ದವರು ನಾನು, ಟೈಲರಕ್ಕ, ಎರಡನೇ ಮಹಡಿಯ ಮೇಷ್ಟ್ರು. ಮೇಷ್ಟ್ರು ರಿಟೈರ್ ಆಗಿ ವರ್ಷಗಳಾದರೂ ಚಾರ್ಟು ಬಿಡಿಸುವ ಚಟ ಹೋಗಿಲ್ಲ. ಟೆರೇಸಿನ ನಕ್ಷೆ ಬಣ್ಣದ ಪೆನ್ಸಿಲಿನಲ್ಲಿ ಬರೆದು ತಂದಿದ್ದರು. ಟೊಮೇಟೊ ಇಲ್ಲಿ, ಬೀನ್ಸ್ ಅಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ಸೊಪ್ಪು. ಉತ್ತರ ದಿಕ್ಕಿಗೆ ಬಾಣದ ಗುರುತು ಬೇರೆ. ಟೈಲರಕ್ಕ ತನ್ನ ಟೇಪು ತೆಗೆದು, ಬ್ಲೌಸಿಗೆ ಅಳೆಯುವ ಹಾಗೆ, ಟೆರೇಸು ಅಳೆದಳು. "ಸುತ್ತಳತೆ ಜಾಸ್ತಿನೇ ಇದೆ ಬಿಡಿ" ಅಂದಳು. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು.

ನನ್ನ ಬ್ರೆಡ್ಡು ಹಂಚಿದೆ. ಮೇಷ್ಟ್ರು ಟೀಯಲ್ಲಿ ಅದ್ದಿಟ್ಟು ತುಂಬ ಹೊತ್ತು ಕಾದರು. "ಇದು ಗಟ್ಟಿಯಾಗಿರೋದೇ ಒಳ್ಳೇದಮ್ಮ, ಬಾಳಿಕೆ ಬರತ್ತೆ" ಅಂದರು.

ಆಮೇಲೆ ನೀರಿನ ಮಾತು ಬಂತು. ದಿನಾ ಬಕೆಟ್ ಹೊರಲು ಆಗುವುದಿಲ್ಲ. ಟ್ಯಾಂಕಿನಿಂದ ಪೈಪು ಎಳೆದು, ಪ್ರತಿ ಟಬ್ಬಿಗೂ ತೊಟ್ಟು ತೊಟ್ಟಾಗಿ ಬೀಳುವ ಹಾಗೆ ಮಾಡಬೇಕು. ಒಂದು ಸಣ್ಣ ಮೋಟರೂ ಬೇಕು. ಮೇಷ್ಟ್ರು ಪೆನ್ಸಿಲ್ ಎತ್ತಿ, ನನ್ನ ಮುಖ ನೋಡದೆ, "ಪೈಪಿನ ಕೆಲಸ ತಮ್ಮಂದು ಅಂತ ಬರೀಲಾ?" ಅಂದರು. ಬರೆಯಿರಿ ಅಂದೆ.

ಯಾಕೆ ಹಾಗಂದೆ? ಅವನು ಲಿಫ್ಟ್ ಮೆಕ್ಯಾನಿಕ್. ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ಊಟಕ್ಕೂ ಕೂರದಿದ್ದ ಮನುಷ್ಯ. ಹೋದ ಮಳೆಗಾಲದಲ್ಲಿ ಜ್ವರ ಬಂತು, ರಜೆ ಹಾಕಿದ. ಜ್ವರ ಬಿಟ್ಟಿತು. ಅವನು ರೂಮು ಬಿಡಲಿಲ್ಲ. ಅಷ್ಟೇ ಕಥೆ. ಏನಾಯ್ತು, ಪ್ರೀತಿ ಗೀತಿನಾ, ಯಾರಾದರೂ ಏನಾದರೂ ಅಂದರಾ, ಅಂತ ಜನ ಕೇಳುತ್ತಾರೆ. ಒಂದು ಕಾರಣ ಇದ್ದಿದ್ದರೆ ನಾನೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದೆ. ಡಾಕ್ಟರು ಎರಡು ಸಲ ಮನೆಗೇ ಬಂದರು. ಒಳಗಿನಿಂದ ಬಾಗಿಲು ತೆಗೆಯದವನನ್ನು ಅವರು ತಾನೆ ಹೇಗೆ ನೋಡುತ್ತಾರೆ?

ಫೆಬ್ರವರಿ 11, ಮಂಗಳವಾರ

ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ಹೇಳಿದೆ. "ಟೆರೇಸಲ್ಲಿ ತೋಟ ಮಾಡ್ತಿದೀವಿ ಕಣೋ. ಪೈಪಿನ ಕೆಲಸ ನಿಂಗೆ ಅಂತ ಬರ್ಕೊಂಡಿದಾರೆ ಮೇಷ್ಟ್ರು. ನಿಧಾನಕ್ಕೆ ಮಾಡು, ಅವಸರ ಇಲ್ಲ." ಒಳಗೆ ಫ್ಯಾನಿನ ಸದ್ದು ಮಾತ್ರ. "ಲಿಫ್ಟು ಮತ್ತೆ ಕೈಕೊಟ್ಟಿದೆ. ಎರಡನೇ ಮಹಡೀಲಿ ನಿಂತಿದೆ. ಕಂಪ್ನಿಯವ್ರು ಫೋನೇ ಎತ್ತಲ್ಲ" ಅಂದೆ. ಮಂಚ ಕಿರ್ ಅಂದಿತು. ಮಗ್ಗುಲು ಬದಲಾಯಿಸಿದ, ಅಷ್ಟೇ.

ಫೆಬ್ರವರಿ 16, ಭಾನುವಾರ, ಸಂಜೆ

ಇದನ್ನು ಸರಿಯಾಗಿ ಬರೆಯಬೇಕು. ಒಂದೂ ಬಿಡದೆ.

ಬ್ರೆಡ್ಡು ಓವನ್ನಿಗೆ ಹಾಕಿ, ಹಾಗೇ ಒಂದು ನಿಮಿಷ ಅಂತ ಟೆರೇಸಿಗೆ ಹೋದೆ. ಟಬ್ಬು ಪ್ಲಾಸ್ಟಿಕ್ಕಿನದೋ ಸಿಮೆಂಟಿನದೋ ಅಂತ ಟೈಲರಕ್ಕನಿಗೂ ಮೇಷ್ಟ್ರಿಗೂ ಜಗಳ ಹತ್ತಿತ್ತು. ನಾನೂ ಬಾಯಿ ಹಾಕಿದೆ. ಬ್ರೆಡ್ಡು ಮರೆತೇಹೋಯಿತು. ಟೈಲರಕ್ಕ ಮೂಗು ಅರಳಿಸಿ "ಏನೋ ಸೀದ ವಾಸನೆ" ಅಂದಾಗ ನೆನಪಾಯಿತು. ಬಿದ್ದೂ ಎದ್ದೂ ಇಳಿದೆ.

ಅಡುಗೆಮನೆಯಲ್ಲಿ ಅವನು ನಿಂತಿದ್ದ.

ಓವನ್ನು ಆರಿಸಿದ್ದ. ಕಿಟಕಿ ಎರಡೂ ತೆಗೆದಿದ್ದ. ಕೈಯಲ್ಲಿ ಒದ್ದೆ ಬಟ್ಟೆ. ಕೂದಲು ಭುಜಕ್ಕೆ ಬಂದಿದೆ, ಗಡ್ಡ ಎದೆಗೆ. ಪಾದ ಬೆಳ್ಳಗಾಗಿವೆ, ಹಸುಗೂಸಿನ ಪಾದದ ಹಾಗೆ. ನನ್ನ ತಮ್ಮ. ನನ್ನ ಅಡುಗೆಮನೆಯಲ್ಲಿ.

"ಟೈಮರ್ ಹಾಕ್ಲಿಲ್ವಾ ಅಕ್ಕ?" ಅಂದ.

ಗಂಟಲು ಬಳಸದೆ ಒರಟಾಗಿದೆ. "ಮರ್ತೆ ಕಣೋ" ಅಂದೆ. ಅವನು ಕಪ್ಪಗಾದದ್ದನ್ನು ಚಾಕುವಿನಿಂದ ಹೆರೆದು, ಒಳಗಿನದನ್ನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. "ಒಳಗೆ ಚೆನ್ನಾಗಿದೆ" ಅಂದ. ಟೀ ಕಾಯಿಸಿದೆ. ನಿಂತೇ ಕುಡಿದ. ಓವನ್ನಿನ ಗುಂಡಿ ತಿರುಗಿಸಿ ಟೈಮರ್ ಹೇಗೆ ಹಾಕುವುದು ಅಂತ ತೋರಿಸಿದ. ಹೊಡೆದಾಗ ಎಷ್ಟು ಜೋರು ಸದ್ದು ಮಾಡುತ್ತೆ ಅಂತಲೂ ತೋರಿಸಿದ. ನಾನು ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿದ್ದಿದ್ದರೆ ಇನ್ನೊಂದು ಲೋಟ ಟೀ ಕುಡಿಯುತ್ತಿದ್ದನೇನೋ. ಆದರೆ ನನ್ನ ನಾಲಿಗೆ. "ಮೇಲೆ ಬಾರೋ, ಎಲ್ಲಾ ಇದಾರೆ, ಪೈಪು ಎಲ್ಲಿ ಬರ್ಬೇಕು ಅಂತ ನೋಡು" ಅಂದುಬಿಟ್ಟೆ. ಲೋಟ ಸಿಂಕಿನಲ್ಲಿಟ್ಟ. ಹೋದ. ಚಿಲಕ ಬಿತ್ತು.

ಇರಲಿ. ಬಂದನಲ್ಲ. ಮನೆಯೆಲ್ಲ ಸೀದ ವಾಸನೆ. ಕಿಟಕಿ ಮುಚ್ಚಲು ಮನಸ್ಸೇ ಬರುತ್ತಿಲ್ಲ, ತೆರೆದಿಡಲೂ ಮನಸ್ಸು ಬರುತ್ತಿಲ್ಲ.

ಮಾರ್ಚ್ 1, ಶನಿವಾರ

ಉಬ್ಬಿತು. ಕೊನೆಗೂ. ನೀರು ಬಿಸಿ ಜಾಸ್ತಿ ಹಾಕಿ ಇಷ್ಟು ದಿನ ಯೀಸ್ಟನ್ನು ಕೊಲ್ಲುತ್ತಿದ್ದೆನಂತೆ. ಇವತ್ತು ಹಿಟ್ಟು ಪಾತ್ರೆಯ ಅಂಚು ದಾಟಿ, ಬಟ್ಟೆಯನ್ನೇ ಎತ್ತಿಕೊಂಡು ನಿಂತಿತ್ತು. ಬೆಂದ ಮೇಲೆ ಹೊಂಬಣ್ಣ. ಬೆರಳಲ್ಲಿ ತಟ್ಟಿದರೆ ಡಬ್ ಡಬ್ ಅನ್ನುತ್ತೆ. ಟೈಲರಕ್ಕ ಬಿಸಿ ಬಿಸಿಯೇ ಕಾಲು ಭಾಗ ಮುಗಿಸಿ, "ಇನ್ಮೇಲೆ ನನ್ ಅಳತೆ ನಾನೇ ತಗೊಳ್ಳಲ್ಲ" ಅಂದಳು.

ಮೂರು ತುಂಡು ಬೆಣ್ಣೆ ಸವರಿ ಬಾಗಿಲ ಹೊರಗೆ ಇಟ್ಟೆ. ವಾಸನೆ ಒಳಗೆ ಹೋಗಲಿ ಅಂತ ಅಲ್ಲೇ ನಿಂತು ತಟ್ಟೆಗೆ ಗಾಳಿ ಹಾಕಿದೆ. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಸಂಜೆ ತಟ್ಟೆ ತೊಳೆದು ಬೋರಲು ಹಾಕಿತ್ತು. ಬಾಗಿಲು ಹಾಗೇ. ಒಳ್ಳೆಯ ಬ್ರೆಡ್ಡಿಗೆ ಯಾರೂ ಓಡಿ ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಇವತ್ತು ಮಣ್ಣು ಹೊತ್ತೆವು. ಲಿಫ್ಟು ಇನ್ನೂ ನಿಂತೇ ಇದೆ. ಮೂಟೆಗಳನ್ನು ಕೆಳಗೇ ಬಿಚ್ಚಿ, ಬಕೆಟಿನಲ್ಲಿ ಸ್ವಲ್ಪ ಸ್ವಲ್ಪ ಮೇಲೆ ತಂದೆವು. ಮೇಷ್ಟ್ರು ಪ್ರತಿ ಮಹಡಿಯಲ್ಲೂ ಕೂತು, ಪಾಠ ಮಾಡುವವರ ಹಾಗೆ ಕೈ ಎತ್ತಿ "ಒಂದ್ ನಿಮಿಷ" ಅನ್ನುತ್ತಿದ್ದರು. ತಮ್ಮನ ರೂಮಿನ ಗೋಡೆಯ ಆಚೆಗೇ ಲಿಫ್ಟು ಹತ್ತಿಳಿಯುವ ಬಾವಿ. ಅದು ನಿಂತದ್ದು ಅವನಿಗೆ ನಮಗಿಂತ ಮೊದಲೇ ಗೊತ್ತಾಗಿರುತ್ತೆ. ಯಾವ ಭಾಗ ಸವೆದಿದೆ ಅಂತಲೂ ಗೊತ್ತಿರುತ್ತೆ. ಮನೆ ಎದುರಿನ ಮೆಟ್ಟಿಲಲ್ಲಿ ಮೇಷ್ಟ್ರು ಏದುಸಿರು ಬಿಡುವುದೂ ಕೇಳಿಸಿರುತ್ತೆ. ಸಿಟ್ಟು ಬಂತು. ಮೊದಲ ಸಲ ನಿಜವಾದ ಸಿಟ್ಟು.

ಟಬ್ಬು ತುಂಬಿದವು. ಸಸಿಗಳು ಟೈಲರಕ್ಕನ ಕಿಟಕಿಯಲ್ಲಿ, ಟೀ ಕಪ್ಪುಗಳಲ್ಲಿ ತಯಾರಾಗಿವೆ. ಪೈಪು ಒಂದು ಆಗಿದ್ದರೆ ಇವತ್ತೇ ನೆಡಬಹುದಿತ್ತು.

ಟೈಲರಕ್ಕ ನನ್ನನ್ನು ಟ್ಯಾಂಕಿನ ಹಿಂದಕ್ಕೆ ಕರೆದಳು. "ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಪ್ಲಂಬರ್‌ನ ಕರ್ಸೋಣ. ಅರ್ಧ ದಿನದ ಕೆಲಸ. ಅವ್ನು ಯಾವಾಗ ಬಂದ್ರೂ ಬೇರೆ ಏನಾದ್ರೂ ಕೆಲಸ ಇದ್ದೇ ಇರತ್ತೆ."

"ಅವ್ನು ಬರ್ತಾನೆ" ಅಂದೆ.

"ಬರ್ಲಿ ಕಣೇ, ನಂಗೂ ಅದೇ ಬೇಕು. ಸಸಿಗೆ ಗೊತ್ತಾಗ್ಬೇಕಲ್ಲ."

"ಆವತ್ತು ಬಂದಿದ್ದ. ನಿಂಗೇನ್ ಗೊತ್ತು?" ಅಂದೆ. ಧ್ವನಿ ಏರಿತ್ತು. ಮೇಷ್ಟ್ರು ಅತ್ತ ತಿರುಗಿ ಸುಮ್ಮನೆ ಮಣ್ಣು ಕೆದಕುತ್ತಿದ್ದರು. ಟೈಲರಕ್ಕ ನನ್ನ ಕೈಗೆ ಮೆತ್ತಿದ್ದ ಮಣ್ಣು ತನ್ನ ಸೆರಗಿನಲ್ಲಿ ಒರೆಸಿ, "ಸರಿ, ಕಾಯೋಣ" ಅಂದಳು. ನನ್ನ ಹಟಕ್ಕೆ ಇಬ್ಬರೂ ಕಾಯುತ್ತಿದ್ದಾರೆ.

ಮಾರ್ಚ್ 18, ಮಂಗಳವಾರ

ಸಸಿಗಳು ಕಪ್ಪಿನಲ್ಲೇ ಉದ್ದುದ್ದ ಬೆಳೆದು, ಬೆಳಕಿನ ಕಡೆ ಕತ್ತು ಚಾಚಿ, ಬಿದ್ದುಹೋಗುತ್ತಿವೆ. ಟೈಲರಕ್ಕ ಹೊಲಿಗೆ ನೂಲಿನಿಂದ ಕಡ್ಡಿಗೆ ಕಟ್ಟಿದ್ದಾಳೆ. ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಅಂಗಡಿಯಲ್ಲಿ ಕನ್ನಡಕದ ಗಾಜಿನ ಅಂಚು ಉಜ್ಜುತ್ತಾ ಕೂತಿದ್ದಾಗ ಆ ಯೋಚನೆ ಬಂತು. ಗಾಜು ಫ್ರೇಮಿಗೆ ಕೂರುವಷ್ಟು ಉಜ್ಜಬೇಕು, ಕೂದಲೆಳೆ ಜಾಸ್ತಿಯಾದರೂ ಸಡಿಲ. ದಿನವೂ ಮಾಡುವ ಕೆಲಸ, ಇವತ್ತು ಒಂದು ಗಾಜು ಹಾಳು ಮಾಡಿದೆ.

ಕರಕಲಾದರೆ ಬರುತ್ತಾನೆ.

ಛೆ. ಎಂಥ ಯೋಚನೆ. ಆದರೆ ಒಮ್ಮೆ ತಲೆಗೆ ಹೊಕ್ಕ ಹುಳ, ಸಂಜೆಯವರೆಗೂ ಕೊರೆಯಿತು. ಬಸ್ಸಿನಲ್ಲಿ ಪಕ್ಕದವಳು ನನ್ನನ್ನೇ ನೋಡುತ್ತಿದ್ದಳು. ನಾನು ಒಬ್ಬಳೇ ನಗುತ್ತಿದ್ದೆನೇನೋ.

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ಎಲ್ಲ ಆವತ್ತಿನ ಹಾಗೇ. ಭಾನುವಾರ. ಮೇಲೆ ಮೀಟಿಂಗು. ಹಿಟ್ಟು ನಾದಿಟ್ಟಾಗಿದೆ, ಚೆನ್ನಾಗಿ ಉಬ್ಬಿದೆ ಪಾಪ. ಓವನ್ನಿನ ಸುತ್ತಮುತ್ತ ಬಟ್ಟೆ, ಪೇಪರು, ಎಣ್ಣೆ ಡಬ್ಬ ಎಲ್ಲ ತೆಗೆದು ದೂರ ಇಟ್ಟಿದ್ದೇನೆ. ಬಾಣಲೆಯಲ್ಲಿ ನೀರು ತುಂಬಿಸಿ ಇಟ್ಟಿದ್ದೇನೆ. ಹೊಗೆ ಬರುತ್ತೆ, ಅಷ್ಟೇ. ಬೆಂಕಿ ಆಗುವುದಿಲ್ಲ. ನಾನೇನು ಹುಚ್ಚಿ ಅಲ್ಲ.

ಒಂದೇ ಒಂದು ಬದಲಾವಣೆ ಮಾಡುತ್ತೇನೆ. ಆವತ್ತು ನಾನು ಮೇಲಿದ್ದದ್ದು ಅವನಿಗೆ ಗೊತ್ತಿತ್ತು, ನಮ್ಮ ಮಾತು ಕೇಳಿಸುತ್ತಿತ್ತು. ಹಾಗಿದ್ದೂ ಬಂದ. ನಾನು ಮನೆಯಲ್ಲೇ ಮಲಗಿದ್ದೇನೆ ಅಂದುಕೊಂಡರೆ ಬರದೇ ಇರುತ್ತಾನೆಯೇ? ಈಗಷ್ಟೇ ಬಾಗಿಲ ಹತ್ತಿರ ಹೋಗಿ ಹೇಳಿ ಬಂದೆ. "ತಲೆನೋವು ಕಣೋ. ಮಾತ್ರೆ ತಗೊಂಡಿದೀನಿ, ರೂಮಲ್ಲಿ ಮಲಗ್ತೀನಿ. ಮೇಲಕ್ಕೆ ಹೋಗಲ್ಲ ಇವತ್ತು." ಚಪ್ಪಲಿ ಬಾಗಿಲ ಬಳಿಯೇ ಬಿಟ್ಟು ಬರಿಗಾಲಲ್ಲಿ ಹೋಗುತ್ತೇನೆ. ಬುದ್ಧಿವಂತೆ ನಾನು.

ಬಂದರೆ ಈ ಸಲ ಒಂದೂ ಮಾತಾಡುವುದಿಲ್ಲ. ಟೀ ಮಾತ್ರ. ದೇವರೇ, ಟೀ ಮಾತ್ರ.

ಅದೇ ದಿನ, ಸಂಜೆ

ಕಿಟಕಿಗಳೆಲ್ಲ ಇನ್ನೂ ತೆರೆದೇ ಇವೆ.

ಟೆರೇಸಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ, ನಮ್ಮ ಮನೆಯ ಬಾಗಿಲು ಕಾಣುವ ಹಾಗೆ ಕೂತೆ. ಮೊದಲು ಒಳ್ಳೆಯ ವಾಸನೆ ಬಂತು. ಆಮೇಲೆ ಕಮರು. ಆಮೇಲೆ ಬಾಗಿಲ ಸಂದಿಯಿಂದ ಹೊಗೆಯೇ ಬಂತು, ಎಳೆ ಎಳೆಯಾಗಿ. ಒಳಗೆ ಹೆಜ್ಜೆ ಸದ್ದು ಕೇಳಿಸಿತು. ಸುಳ್ಳಲ್ಲ, ಕೇಳಿಸಿತು. ನಲ್ಲಿ ತಿರುಗಿಸಿದ ಸದ್ದು, ನೀರು ಬೀಳುವ ಸದ್ದು. ಎದ್ದ, ಬಂದ, ಅಂದುಕೊಂಡೆ. ಖುಷಿಗೆ ಅಳು ಬಂತು. ಮೊಣಕಾಲಿಗೆ ಮುಖ ಒತ್ತಿಕೊಂಡು ಕಾದೆ. ಕಿಟಕಿ ತೆಗೆಯುವ ಸದ್ದಿಗೆ ಕಾದೆ. ಓವನ್ನಿನ ಗುಂಡಿ ಟಕ್ ಅನ್ನುವುದಕ್ಕೆ ಕಾದೆ. ಅಕ್ಕಾ ಅಂತ ಕೂಗುವುದಕ್ಕೆ ಕಾದೆ.

ಹೊಗೆ ಜಾಸ್ತಿಯಾಯಿತು. ಮೇಲಿನಿಂದ ಮೇಷ್ಟ್ರು ಗಿಡಕ್ಕೆ ತುಂಬಿಸಿಟ್ಟ ಬಕೆಟು ಹಿಡಿದು ಇಳಿದು ಬಂದರು, ಹಿಂದೆ ಟೈಲರಕ್ಕ. ಮೆಟ್ಟಿಲ ಮೇಲೆ ಕೂತ ನನ್ನನ್ನು ನೋಡಿ ಟೈಲರಕ್ಕ ಒಂದು ಕ್ಷಣ ನಿಂತಳು. ಮೇಷ್ಟ್ರು ನಿಲ್ಲಲಿಲ್ಲ. ಒಳಗೆ ನುಗ್ಗಿ, ಓವನ್ನು ಆರಿಸಿ, ಕಿಟಕಿ ತೆಗೆದು, ಕೆಮ್ಮುತ್ತಾ ನೆಲಕ್ಕೆ ಕುಸಿದರು. ಈ ವಯಸ್ಸಿನಲ್ಲಿ, ಆ ಎದೆ ಇಟ್ಟುಕೊಂಡು. ಅವರು ಬಂದರು.

ನಾನು ತಮ್ಮನ ಬಾಗಿಲಿಗೆ ಓಡಿದೆ. ಬಾಗಿಲ ಅಡಿಯ ಸಂದಿ ತುಂಬ ನೀಲಿ ಟವೆಲ್. ಕಳೆದ ವರ್ಷ ನಾನೇ ತಂದುಕೊಟ್ಟದ್ದು. ಒಳಗಿನಿಂದ ಒತ್ತಿ ಒತ್ತಿ ತುರುಕಿದ್ದಾನೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದಿಷ್ಟೂ ಜಾಗ ಬಿಡದೆ. ಕೆಲಸ ಅಚ್ಚುಕಟ್ಟು, ಯಾವಾಗಲೂ. ಟವೆಲ್ಲಿನಿಂದ ಇಳಿದ ನೀರು ನನ್ನ ಕಾಲಡಿಗೆ ಬಂದಿತ್ತು.

ಟೈಲರಕ್ಕ ಹಿಂದೆಯೇ ಬಂದು ನಿಂತಳು. ಟವೆಲ್ ನೋಡಿದಳು, ನನ್ನ ಬರಿಗಾಲು ನೋಡಿದಳು, ದೂರ ಎತ್ತಿಟ್ಟ ಎಣ್ಣೆ ಡಬ್ಬ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಹೋಗಿ ಕರಕಲು ಬ್ರೆಡ್ಡನ್ನು ತೆಗೆದು ಬಾಣಲೆಯ ನೀರಿಗೆ ಹಾಕಿದಳು. ಚುಂಯ್ ಅಂದಿತು.

ಮಾರ್ಚ್ 25, ಮಂಗಳವಾರ

ಅಂಗಡಿಗೆ ಹೋಗಲಿಲ್ಲ. ನಿನ್ನೆಯೂ ಇಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಟವೆಲ್ ಹಾಗೇ ಇದೆ. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಅವನೇ ಮಾತಾಡಿದ. ತುಂಬ ಹತ್ತಿರದಿಂದ. ಅವನೂ ಆಚೆ ನೆಲದ ಮೇಲೆ ಕೂತಿದ್ದ ಅಂತ ಕಾಣುತ್ತೆ.

"ಅಕ್ಕ."

"ಹೇಳೋ."

"ನೀನು ಮಲಗಿದೀಯ ಅಂತ ಗೊತ್ತಿತ್ತು."

ಟವೆಲ್ಲಿನ ಹತ್ತಿರಕ್ಕೆ ಸರಿದೆ.

"ಬೆಂಕಿ ಅಂತಲೇ ಅಂದ್ಕೊಂಡೆ. ಮಾತ್ರೆ ತಗೊಂಡಿದಾಳೆ, ಎಚ್ಚರ ಆಗಿರಲ್ಲ ಅಂತಾನೂ ಗೊತ್ತಿತ್ತು. ಚಿಲಕಕ್ಕೆ ಕೈ ಹಾಕ್ದೆ. ತೆಗೆಯೋಕಾಗ್ಲಿಲ್ಲ ಅಕ್ಕ." ಬಾಗಿಲಿಗೆ ತಲೆ ಒರಗಿಸಿದ ಸದ್ದು. "ಆಮೇಲೆ ಟವೆಲ್ ಇಟ್ಟೆ."

ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. "ಬೆಂಕಿ ಇರ್ಲಿಲ್ಲ ಕಣೋ. ನಾನೇ ಬೇಕಂತ ಸೀಯಿಸಿದ್ದು. ನಾನು ಒಳಗೆ ಇರ್ಲೇ ಇಲ್ಲ, ಮೆಟ್ಟಿಲ ಮೇಲಿದ್ದೆ. ನಿನ್ನ ಹೊರಗೆ ಕರ್ಕೊಂಡು ಬರೋಕೆ ಮಾಡ್ದೆ. ನನಗೇನೂ ಆಗ್ತಿರ್ಲಿಲ್ಲ."

ಕೇಳಿಸಿಕೊಂಡ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಕೈಮುಗಿಯುತ್ತಿದ್ದೆ.

"ಅದು ನಂಗೆ ಗೊತ್ತಿರ್ಲಿಲ್ವಲ್ಲ ಅಕ್ಕ" ಅಂದ.

ಅಷ್ಟೇ. ಮಂಚ ಕಿರ್ ಅಂದಿತು.

ಇಷ್ಟು ದಿನ ಅವನ ಹತ್ತಿರ ಒಂದಾದರೂ ಉಳಿದಿತ್ತು. ಹೊರಗೆ ಬರಲ್ಲ, ಆದರೆ ಅಕ್ಕನಿಗೆ ಏನಾದರೂ ಆದರೆ ಬರುತ್ತೇನೆ ಅಂತ. ಫೆಬ್ರವರಿಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದು ಆ ಮನುಷ್ಯ. ಅದನ್ನೂ ಪರೀಕ್ಷೆಗೆ ಹಚ್ಚಿ, ಸುಳ್ಳು ಅಂತ ಅವನಿಗೇ ತೋರಿಸಿಕೊಟ್ಟೆ. ನಾನು, ಅಕ್ಕ.

ಏಪ್ರಿಲ್ 6, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಏನಿದೆ?

ಪ್ಲಂಬರ್ ಬಂದು ಹೋದ. ಟೈಲರಕ್ಕ ಹೇಳಿದ ಹಾಗೆ ಅರ್ಧ ದಿನದ ಕೆಲಸ. ಹಳೆಯ ಸಸಿಗಳಲ್ಲಿ ಉಳಿದದ್ದು ಎರಡೋ ಮೂರೋ. ಹೊಸದಾಗಿ ಬೀಜ ಹಾಕಿದ್ದಾರೆ. ಮೇಷ್ಟ್ರು ಹೊಸ ಚಾರ್ಟು ಬರೆದಿದ್ದಾರೆ, ಬಣ್ಣ ಹಾಕಿಲ್ಲ. ಹಳೆಯದರಲ್ಲಿ 'ತಮ್ಮ' ಅಂತ ಇದ್ದ ಕಡೆ ಈಗ 'ಮೆಣಸಿನಕಾಯಿ' ಅಂತ ಇದೆ. ಯಾರೂ ನನಗೆ ತೋರಿಸಲಿಲ್ಲ, ನಾನೇ ನೋಡಿದೆ. ಸರಿಯಾಗಿದೆ, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ. ಮೇಷ್ಟ್ರ ಕೆಮ್ಮು ಇನ್ನೂ ನಿಂತಿಲ್ಲ. ಕೇಳಿದರೆ "ಧೂಳಮ್ಮ, ಮಣ್ಣಿನ ಧೂಳು" ಅನ್ನುತ್ತಾರೆ.

ತಟ್ಟೆ ಈಗ ತೊಳೆದು ಬರುವುದಿಲ್ಲ. ಇಟ್ಟದ್ದರಲ್ಲಿ ಅರ್ಧ ಹಾಗೇ ಇರುತ್ತೆ. ನಾನು ಇಲ್ಲದಾಗ ಟವೆಲ್ ತೆಗೆದು, ಬಾಗಿಲು ಒಂದಿಷ್ಟೇ ತೆರೆದು ತಟ್ಟೆ ಎಳೆದುಕೊಳ್ಳುತ್ತಾನೆ, ಮತ್ತೆ ತುರುಕುತ್ತಾನೆ. ಟವೆಲ್ ಒಣಗಿ ಗಟ್ಟಿಯಾಗಿದೆ. ನನ್ನ ಬ್ರೆಡ್ಡಿನ ವಾಸನೆ ಒಳಗೆ ಹೋಗುವುದಿಲ್ಲ.

ಆದರೂ ಮಾಡುತ್ತೇನೆ. ಬೇರೆ ಏನು ಮಾಡಲಿ? ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಈಗಲೂ ಒಂದು ಒಳಗಿದೆ, ಗಾಜಿನಲ್ಲಿ ಕಾಣುತ್ತಿದೆ, ಮೇಲೆ ಬಿರಿದು ಹೊಂಬಣ್ಣಕ್ಕೆ ತಿರುಗುತ್ತಿದೆ. ಅವನು ತೋರಿಸಿದ ಹಾಗೇ ಟೈಮರ್ ಹಾಕಿದ್ದೇನೆ. ಮರೆಯುವುದಿಲ್ಲ. ಇನ್ನು ಎಂದೂ ಮರೆಯುವುದಿಲ್ಲ.

ಹೊಡೆಯಿತು. ಎಷ್ಟು ಜೋರು. ಟವೆಲ್ ವಾಸನೆಯನ್ನು ತಡೆಯಬಹುದು, ಸದ್ದನ್ನು ತಡೆಯುವುದಿಲ್ಲ, ಅವನಿಗೂ ಕೇಳಿಸಿರುತ್ತೆ, ಅಕ್ಕ ಟೈಮರ್ ಹಾಕಿದ್ದಾಳೆ ಅಂತ ಗೊತ್ತಾಗಿರುತ್ತೆ, ಈಗ ಎದ್ದು ಹೋಗಿ ಆರಿಸಬೇಕು, ಆದರೆ ಇನ್ನೊಂದು ಸ್ವಲ್ಪ ಹೊತ್ತು ಹೊಡೆಯಲಿ, ಒಳಗೆ ಮಂಚ ಏನಾದರೂ —